ದ್ಯಾವಿ ನುಡಿಸಿದ ಕಟ್ಟುಸಾಲು

ನಾನು ಗುಮಟೆ ಬಾರಿಸಿದರೆ ಸಮುದ್ರ ಹಿಂದೆ ಸರಿಯುತ್ತಿತ್ತು. ನಗಬೇಡಿ. ಒಂದು ಸಲ ಏರಿ ಬರುತ್ತಿದ್ದ ನೀರು ನನ್ನ ಪೆಟ್ಟು ಕೇಳಿ ನಿಂತಲ್ಲೇ ನಿಂತು, ಮುಂದೆ ಬರಲೋ ಬೇಡವೋ ಎಂದು ನನ್ನ ಮುಖ ನೋಡಿತು. ಕಣ್ಣಾರೆ ಕಂಡವರು ಕುಪ್ಪಣ್ಣ, ಬೀರಮ್ಮಜ್ಜಿ, ಹೊಳೆಬುಡದ ಪುರ್ಸು. ಮೂವರೂ ಈಗ ಇಲ್ಲ. ಇದ್ದಿದ್ದರೆ ಕರೆಸಿ ಕೇಳಿಸುತ್ತಿದ್ದೆ. ಇಲ್ಲದ ಮೇಲೆ ನನ್ನ ಮಾತನ್ನೇ ನಂಬಬೇಕು, ನಿಮಗೂ ಬೇರೆ ದಾರಿ ಇಲ್ಲ.

ಮಳೆಗಾಲ. ದೋಣಿ ಇಳಿಸುವ ಹಾಗಿಲ್ಲ. ಬಲೆ ಹೆಣೆಯುತ್ತ ಕೂತಿರಿ, ಕತೆ ಹೇಳುತ್ತೇನೆ. ನೇತ್ರಾವತೀ, ನೀನೂ ಇತ್ತ ಸರಿ. ಗಂಡನ ದೋಣಿ ತಿರುಗಿ ಬಾರದೆ ಎರಡು ಮಳೆಗಾಲ ಕಳೆದರೂ ಮನೆ ಬಾಗಿಲಿಗೆ ಅಗಳಿ ಹಾಕದೆ ಮಲಗುವವಳು ನೀನು. ಈ ಕತೆ ನೀನು ಕೇಳಬೇಕು. ಕೊನೆ ಸುಖದ್ದೇ, ಈಗಲೇ ಹೇಳಿರುತ್ತೇನೆ.

ಸಮುದ್ರಕ್ಕೆ ಇನ್ನೂ ಉಪ್ಪು ಸರಿಯಾಗಿ ಹಿಡಿಯದಿದ್ದ ಕಾಲ. ಆಗ ತೆರೆಸೀಮೆ ಎಂಬ ರಾಜ್ಯವಿತ್ತು. ಆ ರಾಜ್ಯಕ್ಕೆ ಕೋಟೆ ಇಲ್ಲ, ಆನೆ ಇಲ್ಲ, ಸೈನ್ಯವೂ ಅಷ್ಟಕ್ಕಷ್ಟೆ. ಇದ್ದದ್ದು ಒಂದು ಮೇಳ. ಹೊಳೆ ಸಮುದ್ರ ಸೇರುವಲ್ಲಿ ತಿಮಿಂಗಿಲದ ಬೆನ್ನಿನಂಥ ಒಂದು ಕರಿಬಂಡೆ. ಸಂಜೆ ಮಂಜು ಇಳಿಯುವ ಹೊತ್ತಿಗೆ ಮೇಳದವರು ಆ ಬಂಡೆ ಹತ್ತುತ್ತಿದ್ದರು. ಗುಮಟೆ, ತಾಳ, ಒಂಟಿ ತಂತಿಯ ಪಿಟೀಲು. ಎಲ್ಲ ಸೇರಿ ಬಾರಿಸಿದರೆ ಬಂಡೆಗೆ ಅಂಟಿದ ಚಿಪ್ಪುಗಳು ಉದುರಿ ಬೀಳುತ್ತಿದ್ದವು, ದಡದ ಹುಡುಗರು ಮರಳು ಹಾರಿಸಿ ಕುಣಿಯುತ್ತಿದ್ದರು.

ಅದು ಬರೀ ಕುಣಿತಕ್ಕಲ್ಲ. ಆ ರಾಜ್ಯದಲ್ಲಿ ಒಂದೊಂದು ದೋಣಿಗೂ ಅದರದೇ ಒಂದು ಮಟ್ಟು. ಮಂಜಿನಲ್ಲಿ ಕಣ್ಣು ಕಾಣದಿದ್ದರೂ ತನ್ನ ಮಟ್ಟು ಕೇಳಿದ ದೋಣಿ ಅದರ ಬೆನ್ನು ಹಿಡಿದು ದಡಕ್ಕೆ ಬರುತ್ತಿತ್ತು. ಮಟ್ಟಿಗೆ ನಾಲ್ಕು ಸಾಲು. ಮೂರು ಸಾಲು ಕರೆಯುವುದಕ್ಕೆ. ನಾಲ್ಕನೆಯದು ಕಟ್ಟುಸಾಲು, ದೋಣಿಯ ಮೂತಿ ಮರಳಿಗೆ ತಾಗಿ ಹಗ್ಗ ಗೂಟಕ್ಕೆ ಬಿದ್ದ ಮೇಲೆ ನುಡಿಸುವಂಥದ್ದು. ದೋಣಿ ಬಾರದಿದ್ದರೆ ಮಟ್ಟನ್ನು ಮೂರು ಸಾಲಿಗೇ ನಿಲ್ಲಿಸುತ್ತಿದ್ದರು. ಬಾರದವನಿಗೆ ಕಟ್ಟುಸಾಲು ನುಡಿಸುವುದೆಂದರೆ ಅವನನ್ನು ಕೈಯಾರೆ ಮುಳುಗಿಸಿದ ಹಾಗೆ ಎಂದು ಅಲ್ಲಿಯವರ ನಂಬಿಕೆ.

ಆ ಮೇಳದಲ್ಲಿ ದ್ಯಾವಿ ಎಂಬ ಹುಡುಗಿ ಚೀಲಪುಂಗಿ ನುಡಿಸುತ್ತಿದ್ದಳು. ಬಾಯಿಂದ ಊದಿ ತುಂಬುವ ಆಡಿನ ಚರ್ಮದ ಚೀಲ, ಅದಕ್ಕೆ ಮೂರು ಕೊಳವೆ. ಚೀಲವನ್ನು ಕಂಕುಳಲ್ಲಿ ಒತ್ತಿದರೆ ಎರಡು ಕೊಳವೆ ಬಿಡದೆ ಗುಂಯ್ ಎನ್ನುತ್ತಿದ್ದವು, ಮೂರನೆಯದರ ಮೇಲೆ ಬೆರಳಾಡಿಸಿದರೆ ಮಟ್ಟು ಹೊರಡುತ್ತಿತ್ತು. ಗುಮಟೆ ಯಾರದು ಎಂದು ಕೇಳುತ್ತೀರಾ? ನನ್ನದೇ.

ದ್ಯಾವಿಗೆ ತಮ್ಮ ಒಬ್ಬನೇ, ಗೋಯ್ದು. ತಾಯಿತಂದೆ ಇಲ್ಲದ ಮನೆ, ಅಕ್ಕನೇ ಎತ್ತಿ ಬೆಳೆಸಿದ್ದು. ಒಂದು ಬೆಳಿಗ್ಗೆ ಅವನು ದೋಣಿ ನೂಕುತ್ತ ಕೂಗಿ ಹೇಳಿದ: "ಅಕ್ಕಾ, ನಿನ್ನ ಚೀಲದೊಳಗೆ ಆ ಆಡು ಇನ್ನೂ ಬದುಕಿದೆ. ಒಂದು ದಿವಸ ಹುಲ್ಲು ಹಾಕಿ ನೋಡು."

"ಮೊದಲು ಸಾರಿಗಾಗುವಷ್ಟು ಮೀನು ತಾ," ಎಂದಳು ದ್ಯಾವಿ. "ಆಡಿನ ಚಿಂತೆ ಆಮೇಲೆ ಮಾಡುವಾ."

ಅಂದು ಸಂಜೆ ಮಂಜು ಗೋಡೆಯ ಹಾಗೆ ಇಳಿಯಿತು. ಉಳಿದ ದೋಣಿಗಳೆಲ್ಲ ಬಂದವು. ದ್ಯಾವಿ ಗೋಯ್ದುವಿನ ಮೂರು ಸಾಲನ್ನು ತುಟಿ ಒಡೆದು ರಕ್ತ ಬರುವವರೆಗೂ ನುಡಿಸಿದಳು. ಕೊನೆಗೆ ಮೇಳದ ಹಿರಿಯ ಮಾಸ್ತಿಯಜ್ಜ ಚೀಲದ ಮೇಲೆ ಕೈ ಇಟ್ಟ.

"ಸಾಕು ಮಗಾ. ಕಟ್ಟುಸಾಲು ಬಾಕಿ ಇರಲಿ. ಬಾಕಿ ಇದ್ದರೆ ಅಲ್ವಾ ಬರುವುದು?"

ಬರಲಿಲ್ಲ. ಬಂದದ್ದು ದನಿ. ಸಂಜೆ ಮಂಜು ಇಳಿದರೆ ಸಾಕು, ಅದರೊಳಗಿಂದ ಯಾರೋ ಗೋಯ್ದುವಿನ ಮೂರು ಸಾಲು ಗುನುಗುವುದು ಕೇಳುತ್ತಿತ್ತು. ಮೂರು ಮುಗಿದರೆ ಮತ್ತೆ ಮೊದಲಿನಿಂದ. ಅವನೊಬ್ಬನದೇ ಅಲ್ಲ. ಹಿಂದೆ ಹೋದವರೆಲ್ಲರ ದನಿಯೂ ಅಲ್ಲೇ ಇತ್ತು. ಊರ ಹೆಂಗಸರು ದಡಕ್ಕೆ ಬಂದು ತಮ್ಮ ತಮ್ಮವರ ದನಿ ಹುಡುಕಿ ಕೇಳಿ, ಕಣ್ಣೊರೆಸಿಕೊಂಡು ಮನೆಗೆ ಹೋಗುತ್ತಿದ್ದರು. ನಡುಗಡ್ಡೆಯ ಕಾವಳರಾಯ ಎಂಬ ಮಂಜಿನ ಮಾಂತ್ರಿಕ ಅವರನ್ನೆಲ್ಲ ಹಿಡಿದಿಟ್ಟುಕೊಂಡಿದ್ದಾನೆ ಎಂದು ಎಲ್ಲರಿಗೂ ಗೊತ್ತಿತ್ತು. ಹೋಗಿ ಕೇಳುವವರು ಇರಲಿಲ್ಲ.

ತೆರೆಸೀಮೆಯ ದೊರೆಯ ಮಗನೂ ಹಾಗೇ ಹೋದವನು. ದೊರೆ ಬರಿಗಾಲಲ್ಲಿ ದಡಕ್ಕೆ ಬರುತ್ತಿದ್ದ, ಎಲ್ಲರ ಹಾಗೆ. ತಮ್ಮನನ್ನು ಕರೆತರಲು ದ್ಯಾವಿ ಹೊರಟು ನಿಂತಾಗ ಅವನು ಹೇಳಿದ: "ನನ್ನ ಮಗನನ್ನೂ ಕರೆತಾರಮ್ಮ. ಅರ್ಧ ರಾಜ್ಯ ಕೊಡುತ್ತೇನೆ."

"ಅರ್ಧ ರಾಜ್ಯ ಇಟ್ಟುಕೊಂಡು ನಾನೇನು ಮಾಡಲಿ ದೊರೆಯೇ? ಬಂಡೆ ಹೇಗೂ ನಮ್ಮದೇ ಉಂಟು. ನೀರು ಕುಡಿಯದ ಒಂದು ದೋಣಿ ಕೊಡಿ, ಸಾಕು."

ನಾನೂ ಹೊರಟಿದ್ದೆ. ಆದರೆ ಅವಳು ಹೋಗಿ ಬರುವವರೆಗೆ ತೆರೆ ಹಿಡಿದು ನಿಲ್ಲಿಸಲು ಗುಮಟೆಯವನು ದಡದಲ್ಲೇ ಬೇಕಿತ್ತು. ಇಲ್ಲದಿದ್ದರೆ ಈ ಕತೆ ನನ್ನದೇ ಆಗುತ್ತಿತ್ತು.

ದ್ಯಾವಿ ಹುಟ್ಟು ಹಾಕುತ್ತ ಹಾಕುತ್ತ ಹೋದಳು. ದಾರಿಗಡ್ಡ ಒಂದು ಏಡಿ ಕೂತಿತ್ತು. ಅದರ ಚಿಪ್ಪು ಮನೆಯ ಮಾಡಿನಷ್ಟು ದೊಡ್ಡದು.

"ಕಾವಳರಾಯ ಬಂದಾಗಿನಿಂದ ನನಗೆ ನಿದ್ದೆ ಇಲ್ಲ," ಎಂದಿತು ಏಡಿ. "ನಿದ್ದೆ ಬರಿಸಿದರೆ ದಾರಿ. ಇಲ್ಲದಿದ್ದರೆ ನಿನ್ನನ್ನೇ ತಿಂದು ಕಣ್ಣು ಮುಚ್ಚಿ ನೋಡುತ್ತೇನೆ."

ದ್ಯಾವಿ ಗೋಯ್ದುವನ್ನು ಕಾಲ ಮೇಲೆ ಮಲಗಿಸಿಕೊಂಡು ತಟ್ಟುತ್ತಿದ್ದ ಹಾಡು ನುಡಿಸಿದಳು. ಏಡಿಯ ಕಣ್ಣು ಒಳಗೆ ಜಾರಿತು. ಆದರೆ ನಿದ್ದೆಗಣ್ಣಲ್ಲಿ ಅದು ಇಕ್ಕಳದಂಥ ಕೊಂಬು ಚಾಚಿ ಚೀಲದ ಒಂದು ಕೊಳವೆಯನ್ನು ಹಿಡಿದುಕೊಂಡಿತು, ಮಗು ಸೆರಗು ಹಿಡಿದ ಹಾಗೆ. ಎಳೆದರೆ ಎದ್ದುಬಿಡುತ್ತದೆ. ಅವಳು ಕೊಳವೆ ಬಿಟ್ಟು ಮುಂದೆ ಹೋದಳು.

ಮತ್ತೆ ಹುಟ್ಟು ಹಾಕುತ್ತ ಹಾಕುತ್ತ ಹೋದಳು. ಕಲ್ಲುಸಾಲಿನ ಒತ್ತಿಗೆ ಒಂದು ಮುದಿ ತಿಮಿಂಗಿಲ. ಕಲ್ಲು ದಾಟಲು ನೀರು ಸಾಲದು.

"ನನ್ನ ಮಕ್ಕಳನ್ನೆಲ್ಲ ಮಂಜು ದಾರಿ ತಪ್ಪಿಸಿ ಕೊಂದಿತು," ಎಂದಿತು ತಿಮಿಂಗಿಲ. "ಅಳು ಎದೆಯಲ್ಲಿ ಕಲ್ಲಾಗಿ ಕೂತಿದೆ. ಅಳಿಸಿದರೆ ದಾರಿ."

ದ್ಯಾವಿ ತಾಯಿ ತೀರಿಕೊಂಡ ದಿವಸದ ಹಾಡು ನುಡಿಸಿದಳು. ತಿಮಿಂಗಿಲ ಅತ್ತಿತು. ಅದು ಅತ್ತ ನೀರಿಗೆ ದೋಣಿ ಮೇಲೆದ್ದು ಕಲ್ಲು ದಾಟಿತು. ಸಮುದ್ರಕ್ಕೆ ಉಪ್ಪು ಹತ್ತಿದ್ದು ಅವತ್ತೇ, ಇದನ್ನು ಬೇರೆ ಯಾರೂ ನಿಮಗೆ ಹೇಳಿರಲಿಕ್ಕಿಲ್ಲ. ಆ ಸೆಳೆತಕ್ಕೆ ಎರಡನೇ ಕೊಳವೆ ಕಿತ್ತುಹೋಯಿತು. ಉಳಿದದ್ದು ಬೆರಳಾಡಿಸುವ ಕೊಳವೆ ಒಂದೇ.

ಬೆಳಗಿನ ಹೊತ್ತಿಗೆ ನಡುಗಡ್ಡೆ ಬಂತು. ಕಾವಳರಾಯ ದಡದಲ್ಲೇ ನಿಂತಿದ್ದ. ತಾಳೆ ಮರದಷ್ಟು ಎತ್ತರ, ಕಾಲಿಲ್ಲ, ಮಂಜಿನ ಗಡ್ಡ ನೀರಿನವರೆಗೆ. ಮಾತು ಮಾತ್ರ ಬಹಳ ಮೆತ್ತಗೆ.

"ಬಾ ತಂಗೀ. ದಣಿದಿರಬೇಕು."

"ನನ್ನ ತಮ್ಮನನ್ನು ಕದ್ದವನು ನೀನೇನಾ?"

"ನಾನು ಯಾರನ್ನೂ ಕದ್ದವನಲ್ಲ. ನೀವು ಅರ್ಧಕ್ಕೆ ಬಿಟ್ಟದ್ದನ್ನು ಎತ್ತಿ ಇಟ್ಟುಕೊಂಡೆ. ಮಟ್ಟು ಮುಗಿಯದವರು ಎಲ್ಲಿಗೆ ಹೋಗಬೇಕು ಹೇಳು? ಅಲ್ಲಿದ್ದಾನೆ, ಕರೆ. ದೋಣಿ ಹತ್ತಿದರೆ ನಿನ್ನವನು."

ಮೊಳಕಾಲ ನೀರಿನಲ್ಲಿ ಅವರೆಲ್ಲ ಸಾಲಾಗಿ ನಿಂತಿದ್ದರು. ದಡದ ಕಡೆಗೆ ಮುಖ, ತುಟಿಯಲ್ಲಿ ಅವರವರ ಮೂರು ಸಾಲು. ಕೊನೆಯಲ್ಲಿ ಗೋಯ್ದು. ದ್ಯಾವಿ ಕೂಗಿದಳು, ಅವನು ತಿರುಗಲಿಲ್ಲ. ಭುಜ ಹಿಡಿದಳು, ಕೈಗೆ ತಣ್ಣಗೆ ಒದ್ದೆ ಮಾತ್ರ ಹತ್ತಿತು. ಆಗ ಚೀಲ ಒತ್ತಿ ಅವನ ಮೊದಲ ಸಾಲು ಎತ್ತಿದಳು. ಒಂಟಿ ಕೊಳವೆಯ ಬಡಕಲು ದನಿ.

ಗೋಯ್ದು ಮೆಲ್ಲಗೆ ತಲೆ ತಿರುಗಿಸಿದ. "ಆಡು ಸೊರಗಿದೆಯಲ್ಲ ಅಕ್ಕಾ. ಹುಲ್ಲು ಹಾಕಲಿಲ್ಲವಾ?"

"ನೀನು ಬಂದು ಹಾಕು," ಎಂದಳು ದ್ಯಾವಿ. "ದೋಣಿ ಹತ್ತು. ಮನೆಗೆ ಹೋಗುವಾ."

ಅವನು ಕೆಳಗೆ ನೋಡಿದ. ಅವಳೂ ನೋಡಿದಳು. ನೀರಿನ ಕೆಳಗೆ ಅವನಿಗೆ ಕಾಲಿರಲಿಲ್ಲ.

"ಎಷ್ಟು ನಡೆದರೂ ಮೂರನೇ ಸಾಲಿಗೇ ಬಂದು ನಿಲ್ಲುತ್ತೇನೆ ಅಕ್ಕಾ. ದಡ ಕಾಣುತ್ತದೆ, ನೀನು ಬಂಡೆ ಮೇಲೆ ನಿಂತದ್ದೂ ಕಾಣುತ್ತದೆ. ಆಮೇಲೆ ಮತ್ತೆ ಮೊದಲಿನಿಂದ. ಸಾಕಾಗಿದೆ. ಕಟ್ಟಿಬಿಡು."

"ಕಟ್ಟಿದರೆ ನೀನು ಬರುವುದಿಲ್ಲ."

"ಕಟ್ಟದಿದ್ದರೆ ಬಂದೆನಾ?"

ಕಾವಳರಾಯ ಬಗ್ಗಿ ದ್ಯಾವಿಯ ಕಿವಿಯ ಹತ್ತಿರ ಹೇಳಿದ: "ಬೇಡ ತಂಗೀ. ಆ ಕೊನೇ ಕೊಳವೆ ನನಗೆ ಕೊಟ್ಟು ಮನೆಗೆ ಹೋಗು. ದಿನಾ ಸಂಜೆ ನಿನ್ನ ಬಂಡೆಯ ಹತ್ತಿರವೇ ಬಂದು ಗುನುಗಲು ಹೇಳುತ್ತೇನೆ. ನಿನಗೆ ಮುಪ್ಪಾಗುವವರೆಗೂ ಕೇಳಬಹುದು. ನುಡಿಸಿದೆಯೋ, ನಾಳೆಯಿಂದ ಆ ದನಿಯೂ ಇಲ್ಲ."

ಏಡಿಗೆ ಒಂದು ಕೊಳವೆ ಕೊಟ್ಟಾಗ ಅವಳು ಹಿಂದೆ ನೋಡಿರಲಿಲ್ಲ. ತಿಮಿಂಗಿಲದ ನೀರಿಗೆ ಎರಡನೆಯದು ಹೋದಾಗಲೂ ನೋಡಿರಲಿಲ್ಲ. ಈಗ ಮೂರನೆಯದನ್ನು ಎದೆಗವಚಿಕೊಂಡು ಬಹಳ ಹೊತ್ತು ನಿಂತಳು. ಕೊಟ್ಟುಬಿಡುವ ಮನಸ್ಸಿತ್ತು. ದನಿಯಾದರೂ ಇರುತ್ತದಲ್ಲ, ಎನಿಸಿತು. ಅಷ್ಟರಲ್ಲಿ ಗೋಯ್ದು ಮತ್ತೆ ಮೊದಲ ಸಾಲಿಗೆ ಬಂದಿದ್ದ. ಅವಳನ್ನು ಮರೆತಿದ್ದ.

ದ್ಯಾವಿ ಚೀಲ ಊದಿದಳು. ಮೊದಲ ಸಾಲು, ಎರಡನೆಯದು, ಮೂರನೆಯದು. ಆಮೇಲೆ ಕಟ್ಟುಸಾಲು.

ಚಿಕ್ಕವನಿದ್ದಾಗ ಉಣ್ಣುತ್ತ ಉಣ್ಣುತ್ತ ತಟ್ಟೆಯ ಮೇಲೆ ತೂಕಡಿಸುತ್ತಿದ್ದನಲ್ಲ, ಹಾಗೆ ಒಂದು ಆಕಳಿಕೆ ತೆಗೆದ ಗೋಯ್ದು. ಭುಜ ಇಳಿಯಿತು. ನೀರಿನಲ್ಲಿ ನೀರಾದ.

ಅವಳು ನಿಲ್ಲಿಸಲಿಲ್ಲ. ಮೇಳದಲ್ಲಿ ಬೆಳೆದವಳು, ಎಲ್ಲರ ಮಟ್ಟೂ ಅವಳಿಗೆ ಬಾಯಿಪಾಠ. ರಾಜಕುಮಾರನದು ನುಡಿಸಿದಳು, ಅವನು ಒಮ್ಮೆ ನಕ್ಕು ನೀರಾದ. ಒಬ್ಬೊಬ್ಬರದೇ ನುಡಿಸಿದಳು. ಒಬ್ಬೊಬ್ಬ ಹೋದಂತೆ ಕಾವಳರಾಯ ಗಿಡ್ಡಾದ. ತೆಂಗಿನ ಸಸಿಯಷ್ಟಾದ, ಬುಟ್ಟಿಯಷ್ಟಾದ. ಹಿಡಿದುಕೊಳ್ಳಲು ಯಾರೂ ಇಲ್ಲದಾದಾಗ ಒಂದು ಏಡಿ ಬಿಲದ ಬಾಯಲ್ಲಿ ಹಿಡಿ ಮಂಜಾಗಿ ಕೂತ. ಬಿಸಿಲು ಬಂತು, ಅವನನ್ನು ಎತ್ತಿಕೊಂಡು ಹೋಯಿತು.

ಅಂದು ಸಂಜೆ ತೆರೆಸೀಮೆಯಲ್ಲಿ ಮಂಜೇ ಇಳಿಯಲಿಲ್ಲ. ಎಲ್ಲರೂ ದಡದಲ್ಲಿ ಕಿವಿಗೊಟ್ಟು ನಿಂತರು. ಯಾವ ದನಿಯೂ ಇಲ್ಲ. ತೆರೆ ಸದ್ದು ಒಂದೇ. ಕೊನೆಗೆ ದೊರೆ ಮರಳಿನ ಮೇಲೆ ಕೂತ.

ಆಗ ದ್ಯಾವಿಯ ದೋಣಿ ಬಂತು. ನೋಡಿದರೆ ಮೂತಿಯಲ್ಲಿ ಗೋಯ್ದು ಕಾಲು ಚಾಚಿ ಕೂತಿದ್ದಾನೆ. ಅವನ ಹಿಂದೆ ರಾಜಕುಮಾರ, ಅದರ ಹಿಂದೆ ಉಳಿದವರೆಲ್ಲ. ದೋಣಿ ಸಾಲದೆ ಕೆಲವರು ಈಜಿಕೊಂಡು ಬಂದರು. ನಾನು ಗುಮಟೆ ಬಾರಿಸಿದೆ ನೋಡಿ, ಬಂಡೆ ಸೀಳಿತು. ದ್ಯಾವಿ ಬಂಗಡೆ ಸಾರು ಮಾಡಿದಳು. ಗೋಯ್ದು ಎದುರಿಗೇ ಕೂತು ಮತ್ತೆ ಮತ್ತೆ ಬಡಿಸಿಕೊಂಡು ಉಂಡ, ಉಪ್ಪು ಕಡಿಮೆ ಎಂದು ಜಗಳವನ್ನೂ ಆಡಿದ. ಎಲ್ಲ ಮನೆಗಳಲ್ಲೂ ಹೋದವರು ಬಂದರು, ಒಲೆ ಉರಿಯಿತು, ಆಮೇಲೆ ಆ ಸೀಮೆಯಲ್ಲಿ ಯಾರೂ ಅತ್ತದ್ದೇ ಇಲ್ಲ.

ಬಲೆಯ ಮೇಲೆ ಓಡುತ್ತಿದ್ದ ಕೈಗಳು ನಿಧಾನವಾದವು. ನೇತ್ರಾವತಿ ಸೂಜಿಯನ್ನು ಬಲೆಗೆ ಚುಚ್ಚಿ ಇಟ್ಟಳು.

"ಅಜ್ಜಾ, ಒಂದು ಮಾತು. ಕಟ್ಟುಸಾಲು ಕೇಳಿದವರೆಲ್ಲ ನೀರಿನಲ್ಲಿ ನೀರಾದರು ಅಂದ್ರಿ."

"ಅಂದೆ."

"ಮತ್ತೆ ಆ ಸಾರು ಉಂಡವರು ಯಾರು?"

ಮಳೆ ಜೋರಾಯಿತು. ಎಲ್ಲರೂ ನನ್ನ ಮುಖ ನೋಡಿದರು. ನಾನು ಭುಜ ಹಾರಿಸಿದೆ.

"ಯಾರೋ ಹಸಿದವರು ಉಂಡಿರಬೇಕು ಮಗಾ. ಗಡಿಗೆ ಖಾಲಿಯಾಗಿತ್ತು, ನನಗೆ ಗೊತ್ತಿರುವುದು ಅಷ್ಟೆ."