ದ್ಯಾವಪ್ಪನ ರುಮಾಲು

೧೯೫೨ರ ಮಾರ್ಚ್, ಸಂತೆಯ ದಿನ. ಮಧ್ಯಾಹ್ನ ಮಸ್ಕಿ ಠಾಣೆಗೆ ಓಡಿಬಂದ ರೈತ ಅಮರಗುಂಡಪ್ಪನಿಗೆ ಏದುಸಿರು ನಿಲ್ಲುತ್ತಿರಲಿಲ್ಲ.

"ಅಮೀನಸಾಹೇಬ್ರ, ಆ ಫೌಜಿ ದ್ಯಾವಪ್ಪ ದಲಾಲ ಜಂಬಣ್ಣನ ಕೈ ಮುರದಾನ್ರೀ! ದನದ ಸಂತ್ಯಾಗ, ಬಡಿಗಿಲೆ ಬಡದು!"

ನಿಜಾಮನ ಆಳಿಕೆ ಹೋದರೂ ಜನರ ಬಾಯಲ್ಲಿ ಸಬ್‌ಇನ್‌ಸ್ಪೆಕ್ಟರ್ ಸೂಗಪ್ಪ ಇನ್ನೂ ಅಮೀನನೇ. ಅವನು ಫಿರ್ಯಾದಿ ಬರೆಸಿಕೊಂಡು, ಎಫ್‌ಐಆರ್ ದಾಖಲಿಸಿ, ಪೇದೆ ಮಹಮ್ಮದಸಾಬನೊಂದಿಗೆ, ಅಮರಗುಂಡಪ್ಪನನ್ನೂ ಕರೆದುಕೊಂಡು ಹೊರಟ. ದಾರಿಯಲ್ಲಿ ಕೇಳಿದ:

"ಯಾಕ ಬಡದ?"

"ಸುಮ್‌ಸುಮ್ಮನ್ರೀ. ಎತ್ತು ದ್ಯಾವಪ್ಪಂದು, ಕೊಳ್ಳಾವ ನಾನು. ಬೆಲಿ ಮಾತಾಡಾಕತ್ತಿದ್ವಿ."

"ಅವನ್ನ ಯಾರರ ಮುಟ್ಟಿದ್ರೇನು?"

"ಶಿವನಾಣಿ, ಯಾರೂ ಮುಟ್ಟಿಲ್ರೀ."

ಜಂಬಣ್ಣನನ್ನು ಆಗಲೇ ಲಿಂಗಸುಗೂರಿನ ದವಾಖಾನೆಗೆ ಸಾಗಿಸಿದ್ದರು. ದ್ಯಾವಪ್ಪ ಓಡಿಹೋಗಿರಲಿಲ್ಲ. ಬೇವಿನ ಮರದಡಿ, ಎತ್ತಿನ ಪಕ್ಕ, ಎರಡೂ ಕೈ ತಲೆಯ ಮೇಲಿಟ್ಟುಕೊಂಡು ಕೂತಿದ್ದ.

"ಏಳಲೇ. ಕೈ ಇಳಿಸು."

ಇಳಿಸಲಿಲ್ಲ. ಸಂತೆಗೆ ಸಂತೆಯೇ ನೋಡುತ್ತಿತ್ತು. "ಫೌಜಿನ ಸೊಕ್ಕು ಇನ್ನೂ ಇಳದಿಲ್ಲೇನು?" ಎಂದವನೇ ಸೂಗಪ್ಪ ಆ ಬೆರಳುಗಳ ಮೇಲೆ ಲಾಠಿಯಿಂದ ಒಂದೇಟು ಬಿಟ್ಟ. ದ್ಯಾವಪ್ಪ ನರಳಿದನೇ ಹೊರತು ಕೈ ತೆಗೆಯಲಿಲ್ಲ.

ಪಂಚರು ಕೂಡಿದರು, ಪಂಚನಾಮೆ ಶುರುವಾಯಿತು. ಬಡಿಗೆ ಒಂದು. ಧೂಳಲ್ಲಿ ಬಿದ್ದ ರುಮಾಲು ಒಂದು. ರುಮಾಲು ಎತ್ತಿದ ಮಹಮ್ಮದಸಾಬ ಅದನ್ನು ಹಿಚುಕಿ ನೋಡಿದ.

"ಒಳಗ ಏನೋ ಇಟ್ಟು ಹೊಲದಾರ್ರೀ."

ಅಂಗೈಯಗಲದ ಅರಳೆಯ ಮೆತ್ತೆ.

"ಅಮರಗುಂಡಪ್ಪ, ಯಾರದಿದು?"

"ದ್ಯಾವಪ್ಪಂದ್ರೀ."

"ಅವನ ತಲೀಮ್ಯಾಗಿಂದು ಇಲ್ಲಿಗೆ ಹ್ಯಾಂಗ ಬಂತು?"

"ಜಂಬಣ್ಣ ಎಳಕೊಂಡ್ನಲ್ರೀ. ತನ್ನ ರುಮಾಲು ಮನ್ಯಾಗ ಮರತು ಬಂದಿದ್ದ. ಅರಿವಿ ಇಲ್ದ ಬೆರಳು ಹಿಡಿಯೂದು ಹ್ಯಾಂಗ್ರೀ?"

ಬಟ್ಟೆಯ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುವುದು ದನದ ಸಂತೆಯ ರಿವಾಜು. ಬಟ್ಟೆ ಯಾರದಾದರೇನು? ಹೀಗಾಗಿ ಅದು ಮುಟ್ಟಿದಂತೆ ಎಂದು ಅಲ್ಲಿ ಯಾರಿಗೂ ಅನ್ನಿಸಿರಲಿಲ್ಲ.

ಅಷ್ಟರಲ್ಲಿ ದ್ಯಾವಪ್ಪನ ಹೆಂಡತಿ ಯಮನೂರಮ್ಮ ಜನರನ್ನು ಸರಿಸಿಕೊಂಡು ಬಂದಳು.

"ಬರ್ಮಾದ ಲಡಾಯ್ಯಾಗ ಗುಂಡಿನ ಚೂರು ಬಡದು ತಲಿಬುರುಡಿ ಇಷ್ಟಗಲ ಹೋಗೈತ್ರೀ. ಕೂಸಿನ ನೆತ್ತಿಹಂಗ ಮೆತ್ತಗೈತಿ. ಅಲ್ಲಿಗೆ ಕೈ ಬಂತಂದ್ರ ಅವ ಅವನಾಗಿ ಇರಾಂಗಿಲ್ಲ. ದಿನಾ ನಾನ ರುಮಾಲು ಸುತ್ತತೀನಿ."

"ಊರಾಗ ಯಾಕ ಹೇಳಲಿಲ್ಲವಾ?"

"ಹುಚ್ಚ ಅಂತಾರ, ಯಾರೂ ಕೆಲಸಕ್ಕ ಕರೆಯಂಗಿಲ್ಲ ಅಂತ ಮುಚ್ಚಿಟ್ಟೆ. ನಾ ಬಾಯಿ ಬಿಟ್ಟಿದ್ರ ಆ ರುಮಾಲಿಗೆ ಯಾರು ಕೈ ಹಾಕ್ತಿದ್ರು? ನಂದ ತಪ್ಪು. ನನ್ನ ಒಯ್ರೀ."

ಸೂಗಪ್ಪ ಲಾಠಿಯನ್ನು ಬೆನ್ನ ಹಿಂದೆ ಹಿಡಿದ. ಆ ಏಟು ಎರಡು ಬೆರಳು ಆಚೆ ಬಿದ್ದಿದ್ದರೆ?

ದ್ಯಾವಪ್ಪ ಮೊದಲ ಸಲ ಬಾಯಿಬಿಟ್ಟ. "ಸಾಬ್, ನಾನ ಹೊಡದೀನೇನ್ರೀ?"

"ಹೂಂ."

"ಜಂಬಣ್ಣ ಬದುಕ್ಯಾನ?"

"ಬದುಕ್ಯಾನ. ಕೈ ಮುರದೈತಿ."

"ನನಗ ನೆನಪಿಲ್ರೀ. ಆದ್ರ ಬಡಿಗಿ ನಂದು. ನಡೀರಿ ಹೋಗೂಣು."

"ಬಿಟ್ಟುಬಿಡ್ರೀ ಸಾಹೇಬ್ರ," ಎಂದಳು ಯಮನೂರಮ್ಮ.

"ಬಿಡಾಕ ಬರಂಗಿಲ್ಲವಾ. ನೀ ಹೇಳಿದ್ದೆಲ್ಲಾ ಕೋರ್ಟಿಗೆ ಬರೀತೀನಿ."

ಬರೆದ. ತಲೆಯ ಗಾಯ ಬರೆದ, ರುಮಾಲು ಎಳೆದದ್ದು ಬರೆದ, ಆರೋಪಿಯನ್ನು ದಸ್ತಗಿರಿ ಮಾಡಿದ್ದು ಬರೆದ. ತನ್ನ ಲಾಠಿ ಏಟನ್ನು ಬರೆಯಲು ಪಂಚನಾಮೆಯಲ್ಲಿ ಜಾಗವಿರಲಿಲ್ಲ.

ರುಮಾಲು ಕೋರ್ಟಿನ ಸಾಕ್ಷಿಗೆಂದು ಮುದ್ದೇಮಾಲಾಗಿ ಸೀಲಾಯಿತು. ಠಾಣೆಯ ತನಕ ಬಿಸಿಲಲ್ಲಿ ದ್ಯಾವಪ್ಪ ಬರಿದಲೆಯಲ್ಲೇ ನಡೆಯಬೇಕು. ಸೂಗಪ್ಪ ಮಹಮ್ಮದಸಾಬನ ಹೆಗಲಿನ ಟವೆಲ್ ಇಸಿದುಕೊಂಡು ದ್ಯಾವಪ್ಪನ ಮುಂದೆ ಕುಕ್ಕರಗಾಲಲ್ಲಿ ಕೂತ.

"ದ್ಯಾವಪ್ಪ, ತಲಿಗೆ ಕೈ ಹಚ್ಚಲೇನು?"

ದ್ಯಾವಪ್ಪ ಲಾಠಿಯ ಕಡೆ ನೋಡಿದ. ಸೂಗಪ್ಪ ಅದನ್ನು ದೂರ ತಳ್ಳಿದ. ಆಮೇಲೆ ದ್ಯಾವಪ್ಪ ನಿಧಾನಕ್ಕೆ ಒಂದೊಂದೇ ಕೈ ಇಳಿಸಿದ. ಬೆರಳುಗಳ ಮೇಲೆ ಲಾಠಿಯ ಬಾಸುಂಡೆ ಕೆಂಪಗೆ ಊದಿತ್ತು.