ಬಾಗಿಲ ಮೇಲಿನ ಕಿವಿ

ಆರೋಗ್ಯ ಕೇಂದ್ರದ ಬಾಗಿಲ ಚೌಕಟ್ಟಿನಲ್ಲಿ ಅಂಗಿಯ ಗುಂಡಿಯಷ್ಟೇ ಇದ್ದ ಒಂದು ಕಿವಿ, ಹೊರಗೆ ಹೋಗುವ ಪ್ರತಿಯೊಬ್ಬರ ಮಾತನ್ನೂ ಕೇಳಿಸಿಕೊಳ್ಳುತ್ತಿತ್ತು. ಅದಕ್ಕೆ ಮರುಭೇಟಿ ಮಾಪಕ ಎಂದು ಹೆಸರು. ಮೂರು ತಲೆಮಾರು ಅರ್ಜಿ ಬರೆದರೂ ಕೃಷ್ಣೆಯ ನಡುಗಡ್ಡೆಗೆ ಬಾರದಿದ್ದ ದವಾಖಾನೆಯನ್ನು ಖಾಸಗಿ ಕಂಪನಿಯೊಂದು ಎರಡೇ ತಿಂಗಳಲ್ಲಿ ತಂದು ನಿಲ್ಲಿಸಿತ್ತು. ಜನ ನಂಬಿ ಮತ್ತೆ ಮತ್ತೆ ಬರುವ ಕಡೆ ಮಾತ್ರ ಬಂಡವಾಳ ಹೂಡುವುದು ಆ ಕಂಪನಿಯ ಪದ್ಧತಿ. ಆ ನಂಬಿಕೆಯನ್ನು ಅಳೆಯುವುದೇ ಮಾಪಕದ ಕೆಲಸ.

ಹುಲಿಗೆಮ್ಮ ಅದನ್ನು ಒಂದು ದಿನವೂ ತಲೆಯೆತ್ತಿ ನೋಡಿದವಳಲ್ಲ. ಅವಳ ಕಣ್ಣೆಲ್ಲ ಒಳಗಿನ ರಕ್ತಶುದ್ಧಿ ಯಂತ್ರದ ಮೇಲೆ. ಅಪ್ಪ ದುರುಗಪ್ಪನ ಮೂತ್ರಪಿಂಡಗಳು ಕೈಕೊಟ್ಟ ಮೇಲೆ ವಾರಕ್ಕೆ ಮೂರು ಸಲ ಅದೇ ಅವನ ಜೀವ ಹಿಡಿದು ನಿಲ್ಲಿಸುತ್ತಿತ್ತು. ಹೊಳೆ ತುಂಬಿದರೆ ಆಚೆ ದಡಕ್ಕೆ ತೆಪ್ಪವೂ ಹೋಗುತ್ತಿರಲಿಲ್ಲ.

ಆ ಗುರುವಾರ ಬೆಳಿಗ್ಗೆ ಮಾಪಕವನ್ನು ರೂಪಿಸಿದ ವಿಜ್ಞಾನಿ ಪ್ರಭಂಜನ ಬಂದು, ಸಂಜೆಗೆ ಕೇಂದ್ರವನ್ನು ಮುಚ್ಚಲಾಗುವುದು ಎಂದು ತಿಳಿಸಿದ. ಹುಲಿಗೆಮ್ಮ ತಿರುಗಿ ನೋಡಿದಳು. ಒಳಗೆ ಅಪ್ಪ ಆಗಲೇ ತೋಳಿಗೆ ಕೊಳವೆ ಹಾಕಿಸಿಕೊಂಡು ಮಲಗಿದ್ದ. ಪ್ರಭಂಜನ ಗೋಡೆಯ ಫಲಕವನ್ನು ತೋರಿಸಿದ. ‘ಮರುಭೇಟಿ: ಸೊನ್ನೆ’ ಎಂದಿತ್ತು.

“ಸೊನ್ನೆ ಹೆಂಗ್ರೀ? ನಮ್ಮಪ್ಪ ಒಬ್ಬನ ನೂರು ಸಲ ಬಂದಾನ.”

ಗೋಪ್ಯತೆಯ ಕಾನೂನಿನಂತೆ ಮಾಪಕ ಯಾರ ಹೆಸರನ್ನೂ ಮುಖವನ್ನೂ ನೆನಪಿಡುವಂತಿಲ್ಲ, ನೂರು ಸಲ ಬಂದವನೂ ಅದಕ್ಕೆ ಪ್ರತಿ ಸಲ ಹೊಸಬನೇ ಎಂದು ಅವನು ತಾಳ್ಮೆಯಿಂದ ವಿವರಿಸಿದ. ಅದಕ್ಕೇ ಅದು ಹೊರಡುವ ಹೊತ್ತಿನ ಮಾತನ್ನು ಹಿಡಿಯುತ್ತದೆ. ನಮ್ಮ ಜನ ಹೊರಡುವಾಗ ‘ಹೋಗ್ತೀನಿ’ ಅನ್ನುವುದಿಲ್ಲ, ‘ಬರ್ತೀನಿ’ ಅನ್ನುತ್ತಾರೆ. ಮುನಿಸಿಕೊಂಡವರಷ್ಟೇ ಏನೂ ಹೇಳದೆ ಎದ್ದುಹೋಗುತ್ತಾರೆ. ನಗರದ ಅಂಗಡಿ, ಹೋಟೆಲುಗಳಲ್ಲಿ ಮೂರು ವರ್ಷ ಪರೀಕ್ಷಿಸಿದ್ದ, ಒಮ್ಮೆಯೂ ತಪ್ಪಿರಲಿಲ್ಲ. ದವಾಖಾನೆಗೆ ಅಳವಡಿಸಿದ್ದು ಇದೇ ಮೊದಲು.

“ಎಂಟು ತಿಂಗಳಲ್ಲಿ ಇಲ್ಲಿ ಒಬ್ಬರೂ ಹಾಗೆ ಹೇಳಿಲ್ಲ. ನಮ್ಮ ಮೇಲೆ ನಿಮಗೆ ಅಷ್ಟು ಸಿಟ್ಟೇನಮ್ಮಾ?”

ಹುಲಿಗೆಮ್ಮ ಕಣ್ಣು ಬಿಟ್ಟುಕೊಂಡು ಅವನನ್ನೇ ನೋಡಿದಳು.

“ದವಾಖಾನ್ಯಾಗ ಯಾರರ ಬರ್ತೀನಿ ಅಂತಾರೇನ್ರೀ? ಹಂಗ ಅಂದವರನ್ನ ಬ್ಯಾನಿ ಮತ್ತ ಕರಕೊಂಡು ಬರ್ತದ. ನಿಮ್ಮವ್ವ ಹೇಳಿಕೊಟ್ಟಿಲ್ಲೇನು?”

ಪ್ರಭಂಜನನ ಅವ್ವನೂ ಹೇಳಿಕೊಟ್ಟಿದ್ದಳು. ಮೂರು ವರ್ಷದ ಲೆಕ್ಕಾಚಾರದಲ್ಲಿ ಅದೊಂದು ನೆನಪಾಗಿರಲಿಲ್ಲ. ಈಗ ನೆನಪಾಗಿಯೂ ಉಪಯೋಗವಿರಲಿಲ್ಲ. ನಡುವೆ ಮನುಷ್ಯರ ದಾಕ್ಷಿಣ್ಯ ಬರಬಾರದೆಂದು ಹೂಡಿಕೆದಾರರು ತೀರ್ಮಾನವನ್ನು ಯಂತ್ರಕ್ಕೇ ಬಿಟ್ಟಿದ್ದರು. ಒಬ್ಬರು, ಒಬ್ಬರೇ ಒಬ್ಬರು ಆ ಮಾತು ಆಡಿದ್ದರೂ ಅದು ಕೇಂದ್ರವನ್ನು ಮುಚ್ಚುತ್ತಿರಲಿಲ್ಲ ಎಂದು ತಗ್ಗಿದ ದನಿಯಲ್ಲಿ ಹೇಳಿದ.

ಹುಲಿಗೆಮ್ಮ ಓಡಿಹೋಗಿ ಬಾಗಿಲ ಕೆಳಗೆ ನಿಂತಳು. ಒಂದು ಕ್ಷಣ ಅವಳ ನಾಲಿಗೆಯೇ ಏಳಲಿಲ್ಲ. ಆಮೇಲೆ ಕಣ್ಣು ಮುಚ್ಚಿ ‘ಬರ್ತೀನ್ರೀ’ ಎಂದಳು. ಇನ್ನೊಮ್ಮೆ ಎಂದಳು. ಮೂರನೆಯ ಸಲ ಕೂಗಿಯೇ ಬಿಟ್ಟಳು. ಫಲಕ ಅಲುಗಲಿಲ್ಲ. ಬೇಕೆಂದೇ ಆಡಿದ ಮಾತನ್ನು ಮಾಪಕ ದನಿಯಲ್ಲೇ ಗುರುತಿಸಿ ಬಿಟ್ಟುಬಿಡುತ್ತದೆ. ಯೋಚಿಸದೆ ಬಾಯಿಂದ ಬಂದದ್ದನ್ನಷ್ಟೇ ನಂಬುತ್ತದೆ. ಅದನ್ನು ಹಾಗೆ ಮಾಡಿದವನೂ ಪ್ರಭಂಜನನೇ.

ಅವನಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಚೀಲವನ್ನು ಹೆಗಲಿಗೇರಿಸಿ ತಲೆ ತಗ್ಗಿಸಿಕೊಂಡು ಹೊರಟ. ಆಗಷ್ಟೇ ಎಚ್ಚರಗೊಂಡ, ಇದೇನೂ ತಿಳಿಯದ ದುರುಗಪ್ಪ, ಮಲಗಿದಲ್ಲಿಂದಲೇ, ದೂರದಿಂದ ಬಂದವರು ಚಹಾ ಕುಡಿದೇ ಹೋಗಬೇಕೆಂದು ಉಪಚಾರ ಮಾಡಿದ.

“ಇನ್ನೊಂದ್ಸಲ ಆಗ್ಲಿ ಯಜಮಾನ್ರೇ, ಬರ್ತೀನಿ,” ಎನ್ನುತ್ತ ಪ್ರಭಂಜನ ಹೊಸಿಲು ದಾಟಿದ.

ತಲೆಯ ಮೇಲೆ ಟಿಕ್ಕೆಂದಿತು. ಒಂದು ಕಾಲು ಹೊರಗೆ, ಒಂದು ಕಾಲು ಒಳಗೆ, ಅವನು ಹಾಗೆಯೇ ನಿಂತುಬಿಟ್ಟ. ‘ಮರುಭೇಟಿ: ಒಂದು. ಮುಚ್ಚುವ ಆದೇಶ ರದ್ದು.’ ಹುಲಿಗೆಮ್ಮ ಅದನ್ನು ಎರಡು ಸಲ ಓದಿದಳು.

ದುರುಗಪ್ಪ ಗಾಬರಿಯಿಂದ ಕತ್ತೆತ್ತಿ ಮಗಳನ್ನು ಕರೆದ.

“ದವಾಖಾನ್ಯಾಗ ಬರ್ತೀನಿ ಅಂದ್ನಲ್ಲವ್ವ. ಪಾಪ, ಏನ್ ಬ್ಯಾನಿಯಂತ ಅವಗ?”