ಹದಿನಾಲ್ಕನೆಯ ಪಟ್ಟಿ

ಹತ್ತಕ್ಕೆ ಬರುತ್ತೇನೆಂದ ಬಡಗಿ ಹನ್ನೊಂದಾದರೂ ಬರದಿದ್ದರೆ ಯಾರಿಗಾದರೂ ಸಿಟ್ಟು ಬರುತ್ತದೆ. ರಮಿತಾಳಿಗೆ ಸ್ವಲ್ಪ ಹೆಚ್ಚೇ ಬರುತ್ತಿತ್ತು. ವಾಶಿಯ ಕೋಚಿಂಗ್ ಕ್ಲಾಸಿನಲ್ಲಿ ವಾರಕ್ಕೆ ಆರು ದಿನ ಗಣಿತ ಕಲಿಸಿ ಗಂಟಲು ಹರಿದುಕೊಳ್ಳುವವಳಿಗೆ ಇರುವುದು ಒಂದೇ ಭಾನುವಾರ. ತುರ್ಭೆಯ ಚೆನ್ನಯನೆಂಬ ಬಡಗಿ ಅಂಥ ಮೂರು ಭಾನುವಾರಗಳನ್ನು ಆಗಲೇ ನುಂಗಿ ಹಾಕಿದ್ದ.

ಸಾನಪಾಡಾದ ಅವರ ರೋ-ಹೌಸಿನ ಹಿತ್ತಿಲಲ್ಲಿ ಕಂಬಗಳ ಮೇಲೆ ಮರದ ಪಟ್ಟಿ ಹೊದಿಸಿದ ಒಂದು ಪರ್ಗೋಲಾ ಇತ್ತು. ಬಿಲ್ಡರನ ಬ್ರೋಶರಿನಲ್ಲಿ ಅದರ ಕೆಳಗೆ ಬೆತ್ತದ ಕುರ್ಚಿ, ಜ್ಯೂಸಿನ ಗ್ಲಾಸು, ನಗುವ ದಂಪತಿ ಎಲ್ಲ ಇದ್ದರು. ರಮಿತಾಳ ಅಮ್ಮ ಮೋಹಿನಿಗೆ ಮಾತ್ರ ಅದು ಮೊದಲ ನೋಟಕ್ಕೇ ಒಳ್ಳೆಯ ಚಪ್ಪರವಾಗಿ ಕಂಡಿತು. ಉಡುಪಿಯಿಂದ ತಂದ ಬಸಳೆ ದಂಟನ್ನು ಕಂಬದ ಬುಡದಲ್ಲಿ ನೆಟ್ಟರು. ಹತ್ತು ವರ್ಷ ದಿನಕ್ಕೆರಡು ಸಲ ನೀರು ಕುಡಿದು ಬಳ್ಳಿ ಕೊಬ್ಬಿತು, ಮೇಲಿನ ಮರದ ಪಟ್ಟಿಗಳು ಕೊಳೆತವು.

ಕಳೆದ ತಿಂಗಳು ಒಂದು ಪಟ್ಟಿ ತುಂಡಾಗಿ, ಕೆಳಗೆ ಪೇಪರ್ ಓದುತ್ತಿದ್ದ ಅಪ್ಪ ಲೋಕನಾಥರ ಚಹಾದೊಳಗೇ ಬಿತ್ತು. ಅಪ್ಪ ಪೇಪರಿನಿಂದ ತಲೆ ಎತ್ತದೆ "ಇನ್ನೊಂದು ಚಾ ತಾ" ಎಂದರು. ಈ ಮನೆಯಲ್ಲಿ ತಲೆ ಕೆಡಿಸಿಕೊಳ್ಳುವ ಕೆಲಸವೆಲ್ಲ ರಮಿತಾಳ ಪಾಲಿಗೇ ಬಂದಿತ್ತು.

ಹನ್ನೊಂದೂಕಾಲಿಗೆ ಬೆಲ್ಲಾಯಿತು. ಬಾಗಿಲಲ್ಲಿ ಮೂವತ್ತರ ಆಸುಪಾಸಿನ ಒಬ್ಬ, ಇಸ್ತ್ರಿ ಮಾಡಿದ ಶರ್ಟು ಹಾಕಿ, ಕೈಯಲ್ಲಿ ಭಾರದ ಚೀಲ ಹಿಡಿದು ನಿಂತಿದ್ದ.

"ನಮಸ್ಕಾರ, ನಾನು ಡೊಂಬಿವಲಿಯಿಂದ..."

"ಎಲ್ಲಿಂದ ಬೇಕಾದ್ರೂ ಬನ್ನಿ. ಟೈಮ್ ಎಷ್ಟಾಯ್ತು? ಚೆನ್ನಯ ತಾನು ಬರ್ಲಿಕ್ಕಾಗದೆ ನಿಮ್ಮನ್ನು ಕಳಿಸಿದ್ದಾ?"

"ಚೆನ್ನಯ ಅಲ್ಲ, ನನ್ನ ಅಮ್ಮ ಕಳಿಸಿದ್ದು."

"ಯಾರಾದ್ರೂ ಕಳಿಸ್ಲಿ, ಚಲೋ. ಏಣಿ ಹಿಂದೆ ಇದೆ. ಚಪ್ಪಲಿ ಬಿಡಿ, ಈಗಷ್ಟೇ ನೆಲ ಒರೆಸಿದ್ದೇನೆ."

ಅವನು ಚೀಲವನ್ನು ಸೋಫಾದ ಮೇಲಿಟ್ಟು ಅವಳ ಹಿಂದೆ ನಡೆದ. ಹಿತ್ತಿಲಿಗೆ ಬಂದು ತಲೆ ಎತ್ತಿದವನಿಗೆ ಏನು ಹೇಳಬೇಕೆಂದಿದ್ದನೋ ಎಲ್ಲ ಮರೆತುಹೋಯಿತು. ಇಸ್ತ್ರಿ ಶರ್ಟಿನ ತೋಳು ಮಡಚಿ ಏಣಿ ಹತ್ತಿದ. ಜೇಬಿನ ಕೀಲಿಕೈಯನ್ನು ಒಂದು ಪಟ್ಟಿಗೆ ಒತ್ತಿದ. ಅದು ಬೆಣ್ಣೆಗೆ ಇಳಿದಂತೆ ಇಳಿಯಿತು.

"ಎರಡು ಬದಲಾಯಿಸಿದ್ರೆ ಸಾಕಲ್ವಾ?" ರಮಿತಾ ಕೆಳಗಿನಿಂದ ಕೇಳಿದಳು.

"ಹದಿನಾಲ್ಕೂ ಹೋಗಿದೆ ಮಾರಾಯ್ರೇ. ಕಂಬ, ಬೀಮು ಗಟ್ಟಿ ಉಂಟು. ಪಟ್ಟಿ ಒಂದೂ ಬರುವುದಿಲ್ಲ." ಹೇಳುತ್ತಲೇ ಒಂದನ್ನು ಕಿತ್ತು ಕೆಳಗಿಳಿಸಿದ.

ಅಷ್ಟರಲ್ಲಿ ಮೋಹಿನಿ ಟ್ರೇ ಹಿಡಿದು ಹೊರಗೆ ಬಂದರು. ಟ್ರೇಯಲ್ಲಿ ಗೋಳಿಬಜೆ, ಮೈಮೇಲೆ ಮದುವೆಮನೆಗೆ ಉಡುವ ಸೀರೆ.

"ಅಯ್ಯೋ ದೇವರೇ! ವಿಕಾಸ್! ನೀವು ಎಂತ ಏಣಿಯ ಮೇಲೆ?"

ರಮಿತಾ ಸೀರೆಯನ್ನು ನೋಡಿದಳು, ಗೋಳಿಬಜೆಯನ್ನು ನೋಡಿದಳು, ಏಣಿಯ ಮೇಲಿನವನನ್ನು ನೋಡಿದಳು. ಅವಳ ಕಿವಿ ಬಿಸಿಯಾಯಿತು.

ಒಂಬತ್ತು ಸಲ ಅವಳು ಇಂಥದ್ದೇ ಟ್ರೇ ಹಿಡಿದು ಹಾಲಿಗೆ ಬಂದಿದ್ದಳು. ಒಂಬತ್ತನೆಯ ಸಲ ಹುಡುಗನ ಅತ್ತೆಯೊಬ್ಬರು "ಸ್ವಲ್ಪ ನಡೆದು ತೋರಿಸಮ್ಮ" ಎಂದಿದ್ದರು. ಆ ಸಂಜೆಯೇ ಅವಳು ಅಮ್ಮನಿಗೆ ಹೇಳಿಬಿಟ್ಟಿದ್ದಳು, ಇನ್ನು ಮೇಲೆ ನನ್ನನ್ನು ನೋಡಲು ಯಾರೂ ಈ ಮನೆಗೆ ಬರಕೂಡದೆಂದು. ಎರಡು ವರ್ಷ ಸುಮ್ಮನಿದ್ದ ಅಮ್ಮ ಈಗ ಗುಟ್ಟಾಗಿ ಹತ್ತನೆಯವನನ್ನು ಕರೆಸಿದ್ದರು.

"ನೀವು ಮೊದಲೇ ಹೇಳ್ಬಾರದಿತ್ತಾ?" ಅವಳು ಅವನ ಮೇಲೆ ಹರಿಹಾಯ್ದಳು.

"ನೀವು ಹೇಳ್ಲಿಕ್ಕೆ ಬಿಟ್ರೆ ಅಲ್ವಾ?" ಅವನು ನಿಧಾನವಾಗಿ ಕೆಳಗಿಳಿದ. "ನಾನು ಡೊಂಬಿವಲಿಯ ಒಂದು ಪೇಂಟ್ ಫ್ಯಾಕ್ಟರಿಯಲ್ಲಿ ಮರದ ಪಾಲಿಶ್ ಟೆಸ್ಟ್ ಮಾಡುವವ. ಕೊಳೆತ ಮರ ಕಂಡ್ರೆ ನನಗೆ ಬೇರೆ ಎಂತದೂ ಕಾಣುವುದಿಲ್ಲ."

"ಚಾ ಕುಡಿದು ಹೊರಡಿ."

"ಒಂದು ಬಿಚ್ಚಿ ಆಗಿದೆ. ಶುರು ಮಾಡಿದ್ದನ್ನು ಅರ್ಧಕ್ಕೆ ಬಿಟ್ಟು ಹೋಗ್ಲಿಕ್ಕೆ ನನ್ನಿಂದಾಗುವುದಿಲ್ಲ."

ಅದೇ ಹೊತ್ತಿಗೆ ಚೆನ್ನಯನ ಫೋನು ಬಂತು. ಅವನು ಊರಿಗೆ ಹೋಗಿದ್ದಾನಂತೆ, ಮಳೆಗಾಲ ಕಳೆದು ಬರುತ್ತಾನಂತೆ. ರಮಿತಾ ಫೋನು ಕುಕ್ಕಿದಳು.

"ಸರಿ. ಪಟ್ಟಿ ಹಾಕುವ ಕೆಲಸ ಮಾತ್ರ. ಮದುವೆ ಮಾತು ಎತ್ತಬಾರದು. ಹದಿನಾಲ್ಕನೆಯ ಪಟ್ಟಿ ಕೂತ ಮೇಲೆ ಮತ್ತೆ ಈ ಮನೆಗೆ ಬರಬಾರದು, ಫೋನೂ ಬೇಡ. ಒಪ್ಪಿಗೆಯಾ?"

"ಒಪ್ಪಿಗೆ," ಎಂದ ವಿಕಾಸ್. ಅಷ್ಟು ಬೇಗ ಒಪ್ಪಿದ್ದಕ್ಕೆ ಅವಳಿಗೆ ಇನ್ನಷ್ಟು ಸಿಟ್ಟು ಬಂತು.

ಆಮೇಲೆ ಶುರುವಾಯಿತು ನೋಡಿ ಆ ಮನುಷ್ಯನ ನಿಧಾನ! ವಾರಕ್ಕೆ ಎರಡೇ ಪಟ್ಟಿ. ಪಟ್ಟಿ ಕೊಯ್ಯಿಸಬೇಕು, ಉಜ್ಜಬೇಕು, ಎಣ್ಣೆ ಹಚ್ಚಬೇಕು, ಒಣಗಬೇಕು, ಮತ್ತೆ ಹಚ್ಚಬೇಕು. ಯಾಕೆ ತಡವೆಂದು ಎಷ್ಟು ಬೈದರೂ ಅವನದು ಒಂದೇ ಉತ್ತರ, "ಒಣಗಲಿ." ಪ್ರತಿ ಭಾನುವಾರ ಎಂಟಡಿಯ ಎರಡು ಪಟ್ಟಿಗಳನ್ನು ಲೋಕಲ್‌ನ ಲಗೇಜ್ ಡಬ್ಬಿಯಲ್ಲಿ ನಿಲ್ಲಿಸಿಕೊಂಡು, ಠಾಣೆಯಲ್ಲಿ ಗಾಡಿ ಬದಲಾಯಿಸಿ, ಕರಾರುವಾಕ್ಕಾಗಿ ಹತ್ತಕ್ಕೆ ಬಂದುಬಿಡುತ್ತಿದ್ದ.

ಇನ್ನೊಂದು ತೊಂದರೆಯೆಂದರೆ ಬಸಳೆ. ಅದರ ಒಂದು ಕುಡಿಯನ್ನೂ ಕತ್ತರಿಸಕೂಡದೆಂದು ಮೋಹಿನಿಯ ಕಟ್ಟಪ್ಪಣೆ. ಹಾಗಾಗಿ ಹಳೆಯ ಪಟ್ಟಿ ಎಳೆದು, ಬಳ್ಳಿಯ ಅಡಿಯಿಂದಲೇ ಹೊಸದನ್ನು ತೂರಿಸಬೇಕು. ಅಷ್ಟು ಹೊತ್ತು ಯಾರಾದರೂ ಸ್ಟೂಲಿನ ಮೇಲೆ ನಿಂತು, ಎರಡೂ ಕೈಯೆತ್ತಿ ಬಳ್ಳಿಯನ್ನು ಹೊರಬೇಕು. ಅಪ್ಪನಿಗೆ ಭುಜನೋವು, ಅಮ್ಮನಿಗೆ ಎತ್ತರವೆಂದರೆ ತಲೆಸುತ್ತು. ಎರಡೂ ಆ ಬೇಸಗೆಯಲ್ಲೇ ಹುಟ್ಟಿಕೊಂಡ ಕಾಯಿಲೆಗಳು.

"ಇನ್ನು ಸ್ವಲ್ಪ ಮೇಲೆ."

"ಇದಕ್ಕಿಂತ ಮೇಲೆ ನನ್ನ ಕೈ ಇಲ್ಲ."

"ಉಂಟು. ಬೈಯುವಾಗ ಇದಕ್ಕಿಂತ ಮೇಲೆ ಹೋಗ್ತದೆ."

ಅವಳು ಗುರಾಯಿಸಿದಳು. ಎಲೆಗಳ ನಡುವೆ ಅವನ ಮುಖ ಒಂದು ಗೇಣು ದೂರದಲ್ಲಿತ್ತು. ಅಷ್ಟರಲ್ಲಿ ಬಾಯಲ್ಲಿ ಮೂರು ಸ್ಕ್ರೂ ಕಚ್ಚಿಕೊಂಡಿದ್ದರಿಂದ ನಗುವುದಕ್ಕೆ ಆಗದೆ ಅವನು ಕಣ್ಣಲ್ಲೇ ನಗುತ್ತಿದ್ದ. ಬಸಳೆಯ ಹಣ್ಣು ಅವಳ ಬೆರಳ ಸಂದಿಯಲ್ಲಿ ಒಡೆದು ನೇರಳೆ ರಸ ಮೊಣಕೈಯವರೆಗೆ ಇಳಿಯಿತು. ಅವನು ತನ್ನ ಹೆಗಲ ಟವೆಲಿನಿಂದ ಆ ರಸವನ್ನು ಒರೆಸಿ, ಮತ್ತೆ ಸ್ಕ್ರೂ ತಿರುಗಿಸತೊಡಗಿದ. ಆ ದಿನ ಅವಳು ಬೈಯುವುದನ್ನು ಮರೆತಳು.

ಹೊರಡುವಾಗ ಮೋಹಿನಿ ಒಂದು ಕಟ್ಟು ಬಸಳೆಯನ್ನು ಅವನ ಅಮ್ಮನಿಗೆಂದು ಕೊಡುತ್ತಿದ್ದರು, ನೆಡುವುದಕ್ಕೆ ನಾಲ್ಕು ದಂಟೂ ಸೇರಿಸಿ. ಅವನು ಮುಂದಿನ ವಾರ ತೊಳೆದ ಚೀಲ ತಂದು ಕೊಡುತ್ತಿದ್ದ. ಮದುವೆಯ ಮಾತು ಮಾತ್ರ ಒಮ್ಮೆಯೂ ಎತ್ತಲಿಲ್ಲ. ಕೊಟ್ಟ ಮಾತಿಗೆ ಇಷ್ಟು ಕಟ್ಟುಬಿದ್ದವರು ಬಹಳ ಬೇಸರದ ಜನ ಎಂದು ರಮಿತಾಳಿಗೆ ಅನಿಸತೊಡಗಿತು.

ಐದನೆಯ ಭಾನುವಾರ ಸ್ಟೂಲಿನ ಮೇಲೆ ನಿಂತು ಎಣಿಸಿದಳು. ಹಳೆಯವು ನಾಲ್ಕೇ ಉಳಿದಿದ್ದವು. ಇದು ಮುಗಿದರೆ ಇವನು ಬರುವುದಿಲ್ಲ, ಬರಬೇಡ ಎಂದವಳು ನಾನೇ. ಅವಳಿಗೆ ತನ್ನ ಮೇಲೆಯೇ ಕೆಟ್ಟ ಸಿಟ್ಟು ಬಂತು.

"ಆ ಬೀಮು ಕೂಡ ಹಳೇದಲ್ವಾ? ಅದನ್ನೂ ಬದಲಾಯಿಸಿದ್ರೆ ಹೇಗೆ?" ಎಂದಳು, ಬೇರೆಲ್ಲೋ ನೋಡುತ್ತಾ.

ವಿಕಾಸ್ ಬೀಮನ್ನು ಬೆರಳ ಗೆಣ್ಣಿನಿಂದ ತಟ್ಟಿ, ಕಿವಿ ಕೊಟ್ಟು ಕೇಳಿದ. "ಬೇಡ. ಇನ್ನು ಇಪ್ಪತ್ತು ವರ್ಷ ಬರ್ತದೆ."

ಆ ಬೀಮಿನಿಂದಲೇ ಅವನ ತಲೆಗೆ ಒಂದು ಕೊಡಬೇಕೆನಿಸಿತು ಅವಳಿಗೆ.

ಏಳನೆಯ ಭಾನುವಾರ, ಜೂನ್ ಮೊದಲ ವಾರ, ಹದಿನಾಲ್ಕನೆಯ ಪಟ್ಟಿ ಕೂತಿತು. ವಿಕಾಸ್ ಕೈ ತೊಳೆದ, ಟೂಲ್‌ಬ್ಯಾಗ್ ಮುಚ್ಚಿದ, ಅಪ್ಪ ಅಮ್ಮನಿಗೆ ಕೈಮುಗಿದ. ಅವಳ ಎದುರು ಒಂದು ಕ್ಷಣ ನಿಂತ. "ವರ್ಷಕ್ಕೊಮ್ಮೆ ಎಣ್ಣೆ ಹಚ್ಚಿ," ಎಂದಷ್ಟೇ ಹೇಳಿದ. ಹೊರಡುವವರೆಲ್ಲ ಹೇಳುವ "ಬರ್ತೇನೆ" ಅನ್ನುವ ಮಾತನ್ನು ಹೇಳಲಿಲ್ಲ.

ಮರುವಾರ ಮಳೆ ಹಿಡಿಯಿತು. ಭಾನುವಾರ ಹತ್ತು ಹೊಡೆಯಿತು, ಹತ್ತೂವರೆಯಾಯಿತು. ಬೆಲ್ಲು ಸುಮ್ಮನಿತ್ತು. ಮೋಹಿನಿ ಅಭ್ಯಾಸಬಲದಿಂದ ಬಸಳೆಯ ಕಟ್ಟೊಂದನ್ನು ಮೇಜಿನ ಮೇಲಿಟ್ಟು, ಮಗಳ ಮುಖ ನೋಡಿ ಒಳಗೆ ಹೋದರು.

ರಮಿತಾ ಎದ್ದಳು. ಏಣಿ ಇಟ್ಟಳು. ಮಳೆಯಲ್ಲೇ ಹತ್ತಿ, ಕೊನೆಯ ಪಟ್ಟಿಯ ಸ್ಕ್ರೂಗಳನ್ನು ತಿರುಗಿಸತೊಡಗಿದಳು. ಎಷ್ಟು ಬಿಗಿ! ಒಂದೊಂದಕ್ಕೂ ಅವನನ್ನು ಬೈದಳು. ನಾಲ್ಕನೆಯದು ಸಡಿಲವಾಗುವ ಹೊತ್ತಿಗೆ ಅಂಗೈಯಲ್ಲಿ ಬೊಕ್ಕೆ ಎದ್ದಿತ್ತು.

ಒದ್ದೆಯಾಗಿ, ಪಟ್ಟಿ ಹೊತ್ತು ಹಾಲಿಗೆ ಬಂದವಳನ್ನು ನೋಡಿ ಅಪ್ಪ ಮೊದಲ ಸಲ ಪೇಪರ್ ಕೆಳಗಿಟ್ಟರು. ಅಮ್ಮ ಒಳಗಿನಿಂದಲೇ ಕೂಗಿದರು, "ಅವರ ಮನೆ ಸ್ಟೇಷನ್ ಎದುರಿನ ಬಿಲ್ಡಿಂಗು, ಬಿ ವಿಂಗ್, ಮೂರನೇ ಮಾಳಿಗೆ. ಬಸಳೆಯನ್ನೂ ತೆಗೊಂಡು ಹೋಗು!"

ಲಗೇಜ್ ಡಬ್ಬಿಯಲ್ಲಿ ಮೀನಿನ ಬುಟ್ಟಿಯವಳೊಬ್ಬಳು "ಕಾಯ್ ಗ ಪೋರಿ, ಘರ್ ಬಾಂಧ್ತೇಸ್ ಕಾ?" ಎಂದು, ಮನೆ ಕಟ್ಟಲು ಹೊರಟೆಯಾ ಅಂತ ಕೇಳಿ ನಕ್ಕಳು. ಠಾಣೆಯ ಸೇತುವೆಯಲ್ಲಿ ಪಟ್ಟಿ ಇಬ್ಬರ ಬೆನ್ನಿಗೆ ತಾಗಿತು, ಇಬ್ಬರಿಂದಲೂ ಬೈಗುಳ ತಿಂದಳು. ಇದನ್ನು ಈ ಮನುಷ್ಯ ಏಳು ಸಲ ಮಾಡಿದ್ದಾನೆ, ಅದೂ ಎರಡೆರಡು ಪಟ್ಟಿ ಹೊತ್ತು. ಡೊಂಬಿವಲಿಯಲ್ಲಿ ಇಳಿದು, ಪಟ್ಟಿ ಹೊತ್ತೇ ಮೂರು ಮಾಳಿಗೆ ಹತ್ತಿ ಬೆಲ್ಲೊತ್ತಿದಳು.

ಬಾಗಿಲು ತೆರೆದದ್ದು ವಿಕಾಸ್. ಅವನು ಅವಳನ್ನೂ ಪಟ್ಟಿಯನ್ನೂ ನೋಡಿದ.

"ಇದು ಸಡಿಲ ಆಗಿದೆ," ಎಂದಳು ರಮಿತಾ.

"ಆಗ್ಲಿಕ್ಕಿಲ್ಲ. ಬಿಗಿ ಮಾಡಿದ್ದು ನಾನೇ."

"ಗೊತ್ತು. ಬಿಚ್ಚಿದ್ದು ನಾನು." ಅಂಗೈ ತೋರಿಸಿದಳು. "ಒಂದು ಸ್ಕ್ರೂ ಸಡಿಲ ಬಿಟ್ಟು ಬರ್ಲಿಕ್ಕೆ ನಿಮಗೇನಾಗಿತ್ತು? ಬೀಮು ಹಾಳಾಗಿದೆ ಅಂತ ಒಂದು ಸುಳ್ಳು ಹೇಳಿದ್ರೆ ನಿಮ್ಮ ಗಂಟು ಹೋಗ್ತಿತ್ತಾ?"

ವಿಕಾಸ್ ತಲೆ ತಗ್ಗಿಸಿದ. "ಸಡಿಲ ಬಿಡುವ ಅಂತ ಎರಡು ಸಲ ಯೋಚಿಸಿದೆ. ಕೈ ಬರ್ಲಿಲ್ಲ. ನಿಮ್ಮ ತಲೆಯ ಮೇಲೆ ಬೀಳುವ ಮರ ಅದು. ಮಾತೂ ಕೊಟ್ಟಿದ್ದೆ. ಈ ವಾರ ಇಡೀ ಆ ಮಾತಿಗೆ ಬೈಕೊಂಡು ಕೂತಿದ್ದೇನೆ."

ಅವನ ಹಿಂದೆ ಕಿಟಕಿಯ ಗ್ರಿಲ್ಲಿನ ತುಂಬ ರಮಿತಾಳ ಮನೆಯ ಬಸಳೆ ಹಬ್ಬಿತ್ತು. ಏಳು ವಾರದ ದಂಟುಗಳು ಹಿಡಿಯಲು ಏನೂ ಸಿಗದೆ ಒಣಗಲು ಹಾಕಿದ ಬಟ್ಟೆಯ ಹಗ್ಗಕ್ಕೂ ಸುತ್ತಿಕೊಂಡಿದ್ದವು. ಅಡುಗೆಮನೆಯಿಂದ ಅವನ ಅಮ್ಮ ಅಮಿತಾ ಇಣುಕಿದರು. ಒದ್ದೆ ಹುಡುಗಿಯನ್ನು ಕಂಡು ಒಂದೂ ಪ್ರಶ್ನೆ ಕೇಳದೆ ಟವೆಲು ಕೊಟ್ಟು, ಐದೇ ನಿಮಿಷದಲ್ಲಿ ಟ್ರೇಯಲ್ಲಿ ಚಹಾ ತಂದು ಅವಳ ಮುಂದಿಟ್ಟರು.

ರಮಿತಾ ಆ ಟ್ರೇಯನ್ನು ನೋಡಿದಳು. ಇಷ್ಟು ವರ್ಷಗಳಲ್ಲಿ ಮೊದಲ ಸಲ ಅದು ಅವಳ ಕೈಯಲ್ಲಿರದೆ ಅವಳ ಮುಂದೆ ಬಂದಿತ್ತು. ಸೋಫಾದಲ್ಲಿ ನೆಟ್ಟಗೆ ಕೂತು ಕಪ್ಪು ಎತ್ತಿಕೊಂಡಳು.

"ಆಂಟಿ, ನಾನು ಪಟ್ಟಿಗಾಗಿ ಬಂದದ್ದಲ್ಲ. ನಿಮ್ಮ ಮಗನನ್ನು ನೋಡ್ಲಿಕ್ಕೆ ಬಂದದ್ದು." ನೇರಳೆ ಕಲೆ ಇನ್ನೂ ಪೂರ್ತಿ ಹೋಗದ ಬೆರಳಿನಿಂದ ವಿಕಾಸನಿಗೆ ಸನ್ನೆ ಮಾಡಿದಳು. "ಹೂಂ, ಸ್ವಲ್ಪ ನಡೆದು ತೋರಿಸಿ."

ವಿಕಾಸ್ ತಾಯಿಯ ಮುಖ ನೋಡಿದ. ತಾಯಿ "ನಡಿ ಮಾರಾಯ, ಕಾಯಿಸ್ಬೇಡ" ಎಂದರು. ಅವನು ಕಿವಿಯವರೆಗೆ ಕೆಂಪಾಗಿ ಕಿಟಕಿಯ ತನಕ ಹೋದ, ತಿರುಗಿದ, ವಾಪಸು ಬಂದು ಅವಳ ಮುಂದೆ ನಿಂತ.

"ನಿಧಾನ ಸ್ವಲ್ಪ ಜಾಸ್ತಿ," ಎಂದಳು ರಮಿತಾ. "ಆದ್ರೂ ಒಪ್ಪಿಗೆ."